7 ಕಿಲೋ 200 ಗ್ರಾಂ: ರಾಜ್ಯಸಭೆಯಲ್ಲಿರುವ ನಮ್ಮ ಸದಸ್ಯರಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ಕರ್ನಾಟಕದಿಂದ ರಾಜ್ಯಸಭೆಗೆ ಹೋಗಿರುವ ಹನ್ನೆರಡು ಮಂದಿಗೂ ಸೇರಿಸಿ ಈ ಒಂದೇ ಪತ್ರ ಬರೆಯುತ್ತಿದ್ದೇನೆ. ನಾನು ನಿಮಗೆ ವೋಟು ಹಾಕಿದವನಲ್ಲ. ನಿಮಗೆ ವೋಟು ಹಾಕುವವರು ಶಾಸಕರು. ಆ ಶಾಸಕರಿಗೆ ವೋಟು ಹಾಕುವವನು ನಾನು. ಹಾಗಾಗಿ ನಿಮಗೂ ನನಗೂ ಇರುವುದು ಬೀಗರ ಕಡೆಯ ಬೀಗರ ನಂಟು. ಎದುರು ಸಿಕ್ಕರೆ ಗುರುತು ಹತ್ತುವುದಿಲ್ಲ, ಹಾಗಂತ ಸಂಬಂಧವೇ ಇಲ್ಲ ಅನ್ನುವ ಹಾಗೂ ಇಲ್ಲ. ಆ ಸಲುಗೆಯಿಂದಲೇ ಬರೆಯುತ್ತಿದ್ದೇನೆ.

ನಾನು ಮೈಸೂರಿನವನು. ಅಂಚೆ ಕಚೇರಿಯಲ್ಲಿ ದುಡಿದು ನಿವೃತ್ತನಾದೆ. ಅದರಲ್ಲಿ ಜಾಸ್ತಿ ವರ್ಷ ಕಳೆದಿದ್ದು ಪಾರ್ಸೆಲ್ ಕೌಂಟರಿನಲ್ಲಿ. ಬಟ್ಟೆಯಲ್ಲಿ ಹೊಲಿದ ಗಂಟು, ಅರಗಿನ ಮುದ್ರೆ, ಉಪ್ಪಿನಕಾಯಿ ಡಬ್ಬಿ, ಮದುವೆ ಸೀರೆ, ಎಲ್ಲ ನನ್ನ ಕೈ ಮೇಲೆಯೇ ಹೋಗಬೇಕಿತ್ತು. ತಕ್ಕಡಿ ಮೇಲೆ ಇಡುವ ಮೊದಲೇ ಕೈಗೆ ತೂಕ ಗೊತ್ತಾಗುತ್ತಿತ್ತು. ನೂರು ಗ್ರಾಂ ಆಚೆ ಈಚೆ, ಅಷ್ಟೇ. ಆ ಅಭ್ಯಾಸ ಇನ್ನೂ ಹೋಗಿಲ್ಲ. ಮಾರ್ಕೆಟ್ಟಿನಲ್ಲಿ ಬದನೆಕಾಯಿ ಕೊಂಡರೂ ಕೈಯಲ್ಲಿ ಒಂದು ಸಲ ತೂಗಿ ನೋಡುತ್ತೇನೆ. ಮನೆಯವರಿಗೆ ಅದೊಂದು ತಮಾಷೆ.

ಹೋದ ಜೂನ್‌ನಿಂದ ಮೊಮ್ಮಗಳನ್ನು ಸ್ಕೂಲ್ ವ್ಯಾನ್ ಹತ್ತಿಸುವ ಕೆಲಸ ನನ್ನ ಪಾಲಿಗೆ ಬಂದಿದೆ. ಅವಳು ಆರನೇ ಕ್ಲಾಸು. ಮೊದಲನೇ ದಿನ ಬ್ಯಾಗು ಎತ್ತಿದ ಕೂಡಲೇ ಕೈ ಹೇಳಿತು: ಏಳು ಕಿಲೋ. ನಂಬಲಿಲ್ಲ. ವಯಸ್ಸಾಯಿತು, ಕೈ ಸುಳ್ಳು ಹೇಳುತ್ತಿದೆ ಅಂದುಕೊಂಡೆ. ಸಂಜೆ ಬ್ಯಾಗಿಗೆ ಕೊಕ್ಕೆ ಹಾಕಿ ತೂಗುವ ಸಣ್ಣ ತಕ್ಕಡಿಯೊಂದನ್ನು ತಂದೆ. 7 ಕಿಲೋ 200 ಗ್ರಾಂ.

ಪಾರ್ಸೆಲ್ ಗುಮಾಸ್ತನ ಬುದ್ಧಿ ನೋಡಿ, ಬಿಚ್ಚಿ ಒಂದೊಂದನ್ನೂ ಬೇರೆ ಬೇರೆ ತೂಗಿದೆ. ಬರೀ ಖಾಲಿ ಬ್ಯಾಗೇ 800 ಗ್ರಾಂ. ಪಠ್ಯಪುಸ್ತಕ ಆರು, 1 ಕಿಲೋ 900. ನೋಟ್‌ಬುಕ್ ಹನ್ನೊಂದು, 2 ಕಿಲೋ 200. ಅದರಲ್ಲಿ ಪ್ರತಿ ವಿಷಯಕ್ಕೂ ಕ್ಲಾಸ್‌ವರ್ಕ್‌ಗೊಂದು, ಹೋಂವರ್ಕ್‌ಗೊಂದು. ವರ್ಕ್‌ಬುಕ್ ಅಂತ ಬೇರೆ ಮೂರು, 600. ಡೈರಿ, ಜಾಮೆಟ್ರಿ ಬಾಕ್ಸು ಸೇರಿ 450. ಊಟದ ಡಬ್ಬಿ, ತಿಂಡಿ ಡಬ್ಬಿ 450. ನೀರು ತುಂಬಿದ ಸ್ಟೀಲ್ ಬಾಟಲಿ 800. ಹುಡುಗಿಯ ತೂಕ 31 ಕಿಲೋ. ಮಗುವಿನ ತೂಕದ ಹತ್ತನೇ ಒಂದು ಪಾಲಿಗಿಂತ ಬ್ಯಾಗು ಹೆಚ್ಚಿರಬಾರದು ಅನ್ನುವುದು ದೇಶದಲ್ಲೆಲ್ಲ ಎಲ್ಲರೂ ಒಪ್ಪಿಕೊಂಡಿರುವ ಲೆಕ್ಕ. ಅಂದರೆ 3 ಕಿಲೋ 100. ಇವಳ ಬೆನ್ನ ಮೇಲೆ ಅದರ ಎರಡರಷ್ಟಕ್ಕಿಂತ ಜಾಸ್ತಿ ಇದೆ.

ಇದಕ್ಕೂ ರಾಜ್ಯಸಭೆಗೂ ಏನು ಸಂಬಂಧ ಅಂತ ನೀವು ಕೇಳಬಹುದು. ಸಂಬಂಧ ಇದೆ. ಈ ಮಾತು ದೇಶದ ಮಟ್ಟದಲ್ಲಿ ಶುರುವಾಗಿದ್ದೇ ನೀವು ಕೂತಿರುವ ಆ ಮನೆಯಲ್ಲಿ. ಶುರು ಮಾಡಿದವರು ನಮ್ಮೂರಿನವರು.

ಇಂಗ್ಲಿಷ್ ಕಾದಂಬರಿಕಾರ ಆರ್.ಕೆ. ನಾರಾಯಣ್ ಅವರನ್ನು 1986ರಲ್ಲಿ ರಾಷ್ಟ್ರಪತಿಗಳು ರಾಜ್ಯಸಭೆಗೆ ನಾಮನಿರ್ದೇಶನ ಮಾಡಿದ್ದರು. ಅದೇ ವರ್ಷ ಎಂ.ಎಫ್. ಹುಸೇನ್, ಪಂಡಿತ್ ರವಿಶಂಕರ್, ಅಮೃತಾ ಪ್ರೀತಂ ಕೂಡ ನಾಮನಿರ್ದೇಶನಗೊಂಡಿದ್ದರು. ಸಾಹಿತಿ, ಕಲಾವಿದರನ್ನು ಅಲ್ಲಿಗೆ ಕಳಿಸಿದರೆ ಏನು ಮಾಡುತ್ತಾರೆ ಅನ್ನುವ ಕುಹಕ ಆಗಲೂ ಇತ್ತು, ಈಗಲೂ ಇದೆ. ಹುಸೇನ್ ಅಲ್ಲಿ ಕೂತು ಸದನದ ಚಿತ್ರ ಬರೆದರು. ನಾರಾಯಣ್ ಸುಮ್ಮನೆ ಕೂತಿದ್ದರು. ಒಂದು ವರ್ಷ, ಎರಡು ವರ್ಷ. 1989ರಲ್ಲಿ ಮೊದಲ ಸಲ ಭಾಷಣಕ್ಕೆ ಎದ್ದು ನಿಂತರು. ಆಗ ಅವರಿಗೆ ಎಂಬತ್ತು ದಾಟಿತ್ತು. ಎಲ್ಲರೂ ಸಾಹಿತ್ಯದ ಬಗ್ಗೆಯೋ ಗ್ರಂಥಾಲಯದ ಬಗ್ಗೆಯೋ ಮಾತಾಡುತ್ತಾರೆ ಅಂದುಕೊಂಡಿರಬೇಕು. ಅವರು ಮಾತಾಡಿದ್ದು ಸ್ಕೂಲ್ ಬ್ಯಾಗಿನ ಬಗ್ಗೆ.

ಆ ಭಾಷಣವನ್ನು ಇಂಗ್ಲಿಷಿನಲ್ಲಿ ಓದಿದ್ದೇನೆ. ಉದ್ದವಿಲ್ಲ. ಒಂದು ಸಲ ಕಾಫಿ ಕುಡಿಯುವಷ್ಟರಲ್ಲಿ ಮುಗಿಯುತ್ತದೆ. ಅದರ ಸಾರ ಇಷ್ಟು. ಸ್ಕೂಲ್ ಬ್ಯಾಗನ್ನು ರಾಷ್ಟ್ರೀಯ ನೀತಿ ಮಾಡಿ ತೆಗೆದುಹಾಕಿ, ಬೇಕಿದ್ದರೆ ಸುಗ್ರೀವಾಜ್ಞೆ ತನ್ನಿ ಅಂದರು. ತಾವೇ ವಿಚಾರಿಸಿ ನೋಡಿದ್ದಾಗಿ ಹೇಳಿದರು. ಮಗು ಹೇಸರಗತ್ತೆಯ ಹಾಗೆ ಆರರಿಂದ ಎಂಟು ಕಿಲೋ ಪುಸ್ತಕ ಹೊರುತ್ತದೆ, ಊಟದ ಡಬ್ಬಿ, ನೀರಿನ ಬಾಟಲಿ ಬೇರೆ ಅಂದರು. ಬೆನ್ನು ಬಾಗಿ, ಕೈ ಮುಂದಕ್ಕೆ ಇಳಿಬಿಟ್ಟು ಚಿಂಪಾಂಜಿಯ ಥರ ನಡೆಯುತ್ತದೆ ಅಂದರು. ಕೆಲವು ಪುಸ್ತಕ ಮನೆಯಲ್ಲೇ ಬಿಡಬಾರದೇ ಅಂತ ಕೇಳಿದರೆ, ಎಲ್ಲವನ್ನೂ ದಿನಾ ತರಬೇಕು ಅಂತ ಟೀಚರ್ ಆಜ್ಞೆ ಅನ್ನುತ್ತದಂತೆ ಮಗು. ಯಾಕೆ ಅಂತ ದೇವರಿಗೇ ಗೊತ್ತು ಅಂದರು ನಾರಾಯಣ್. ತರದಿದ್ದರೆ ಮರದ ಸ್ಕೇಲಿನಿಂದ ಬೆರಳ ಗೆಣ್ಣಿಗೆ ಏಟು. ನಮ್ಮ ಕಾಲದಲ್ಲಿ ಅಂಗೈಗೆ ಬೆತ್ತದ ಏಟು ಮಾತ್ರ ಇತ್ತು, ಈಗ ಸುಧಾರಣೆಯಾಗಿದೆ ಅಂತ ಒಂದು ಕುಟುಕು ಬೇರೆ. ಬಿಸಿಲಿರಲಿ ಮಳೆಯಿರಲಿ ಟೈ, ಲೇಸ್ ಶೂ, ಸಾಕ್ಸ್ ಯಾಕೆ ಅಂತಲೂ ಕೇಳಿದರು. ಮಗು ಸಂಜೆ ಮನೆಗೆ ಬಂದರೆ ಅಮ್ಮನೋ ಟ್ಯೂಷನ್ ಮೇಷ್ಟ್ರೋ ಬ್ಯಾಗು ಕಿತ್ತುಕೊಳ್ಳಲು ಕಾಯುತ್ತಿರುತ್ತಾರೆ, ಆಡಲೂ ಹೊತ್ತಿಲ್ಲ, ಕನಸು ಕಾಣಲೂ ಹೊತ್ತಿಲ್ಲ ಅಂತ ಮುಗಿಸಿದರು.

ಗಮನಿಸಿ. ಅದರಲ್ಲಿ ಒಂದು ಅಂಕಿಅಂಶದ ಕೋಷ್ಟಕ ಇಲ್ಲ. ಯಾವ ಪಕ್ಷದ ಮೇಲೂ ಗೂಬೆ ಕೂರಿಸಿಲ್ಲ. ಬೀದಿಯಲ್ಲಿ ನಿಂತು ನೋಡಿದ ಮನುಷ್ಯ ಕಂಡದ್ದನ್ನು ಸಭೆಯಲ್ಲಿ ಹೇಳಿದ, ಅಷ್ಟೇ. ಅವರಿಗೆ ಸ್ಕೂಲಿನ ಒಳಹೊರಗು ಗೊತ್ತಿತ್ತು. ಅವರ ತಂದೆ ನಮ್ಮ ಮಹಾರಾಜ ಹೈಸ್ಕೂಲಿನಲ್ಲಿ ಹೆಡ್‌ಮೇಷ್ಟ್ರು. ಹೆಡ್‌ಮೇಷ್ಟ್ರ ಮಗನೇ ಕಾಲೇಜು ಸೇರುವ ಪರೀಕ್ಷೆಯಲ್ಲಿ ಫೇಲಾಗಿ ಒಂದು ವರ್ಷ ಮನೆಯಲ್ಲಿ ಕೂತಿದ್ದ. ಆಮೇಲೆ ಚನ್ನಪಟ್ಟಣದ ಸ್ಕೂಲಿನಲ್ಲಿ ಮೇಷ್ಟ್ರ ಕೆಲಸಕ್ಕೆ ಹೋಗಿ, ಒಗ್ಗದೆ ವಾಪಸು ಬಂದ.

ಅವರು ಕನ್ನಡದಲ್ಲಿ ಬರೆಯಲಿಲ್ಲ ಅನ್ನುವ ತಕರಾರು ನಮ್ಮ ಕೆಲವು ಸಾಹಿತಿಗಳಿಗೆ ಇತ್ತು. ಯಾದವಗಿರಿಯ ಅವರ ಮನೆಯನ್ನು 2011ರಲ್ಲಿ ಕೆಡವಲು ಶುರು ಮಾಡಿದ್ದರು. ಗದ್ದಲವಾಗಿ ಅದು ನಿಂತಿತು. ಸ್ಮಾರಕ ಮಾಡೋಣ ಅಂದಾಗ ಯಾಕೆ ಮಾಡಬೇಕು ಅಂದವರೂ ಇದ್ದರು. ಕೊನೆಗೆ 2016ರಲ್ಲಿ ಅದು ಮ್ಯೂಸಿಯಂ ಆಯಿತು. ಆ ಜಗಳಕ್ಕೆ ನಾನು ಹೋಗುವುದಿಲ್ಲ. ಆದರೆ ಬರೀ ಈ ಒಂದು ಭಾಷಣಕ್ಕಾದರೂ ಆ ಮನೆ ಉಳಿಸಿದ್ದು ಸರಿ ಅನ್ನುವುದು ನನ್ನ ಲೆಕ್ಕ.

ಆ ಮಾತು ಗಾಳಿಗೆ ಹೋಗಲಿಲ್ಲ. 1992ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ಪ್ರೊಫೆಸರ್ ಯಶಪಾಲ್ ಅವರ ಅಧ್ಯಕ್ಷತೆಯಲ್ಲಿ ಒಂದು ಸಮಿತಿ ಮಾಡಿತು. ಯಶಪಾಲ್ ಅಂದರೆ ಕಾಸ್ಮಿಕ್ ಕಿರಣಗಳ ಮೇಲೆ ಕೆಲಸ ಮಾಡಿದ ವಿಜ್ಞಾನಿ. ದೂರದರ್ಶನದಲ್ಲಿ ಜನರ ವಿಜ್ಞಾನದ ಪ್ರಶ್ನೆಗಳಿಗೆ ನಗುತ್ತಾ ಉತ್ತರ ಹೇಳುತ್ತಿದ್ದರಲ್ಲ, ಅವರೇ. 1993ರ ಜುಲೈನಲ್ಲಿ ವರದಿ ಕೊಟ್ಟರು. ‘ಹೊರೆಯಿಲ್ಲದ ಕಲಿಕೆ’ ಅಂತ ಅದರ ಹೆಸರು. ಸಣ್ಣ ವರದಿ. ನಾರಾಯಣ್ ಭಾಷಣವನ್ನು ಅದು ನೆನೆಯುತ್ತದೆ.

ಆ ವರದಿ ಒಂದು ಹೆಜ್ಜೆ ಮುಂದೆ ಹೋಯಿತು. ಬೆನ್ನಿನ ಮೇಲಿನ ಹೊರೆ ಕಣ್ಣಿಗೆ ಕಾಣುತ್ತದೆ, ಅದಕ್ಕಿಂತ ಕೆಟ್ಟ ಹೊರೆ ಅರ್ಥವಾಗದೆ ಕಲಿಯುವುದು ಅಂತ ಹೇಳಿತು. ಕಲಿಸುವುದು ರಾಶಿ, ಮಗುವಿಗೆ ತಿಳಿಯುವುದು ಚೂರು. ಈ ಮಾತು ನನಗೆ ಅರ್ಥವಾಗಿದ್ದು ಹೋದ ತಿಂಗಳು. ಮೊಮ್ಮಗಳು ಸಮಾಜ ವಿಜ್ಞಾನದ ನೋಟ್ಸು ಬಾಯಿಪಾಠ ಮಾಡುತ್ತಿದ್ದಳು. ‘ರಾಜ್ಯಸಭೆಯ ಗರಿಷ್ಠ ಸದಸ್ಯರ ಸಂಖ್ಯೆ 250. ರಾಜ್ಯಸಭೆಯು ಶಾಶ್ವತ ಸದನ. ಸದಸ್ಯರ ಅವಧಿ 6 ವರ್ಷ.’ ಮೂರು ಸಲ, ನಾಲ್ಕು ಸಲ, ರಾಗವಾಗಿ. ನಾನು ಕೇಳಿದೆ, ‘ಅವರು ಅಲ್ಲಿ ಏನು ಮಾಡ್ತಾರೆ ಪುಟ್ಟಿ?’ ಅವಳು ನೋಟ್ಸಿನ ಹಾಳೆ ಹಿಂದೆ ಮುಂದೆ ತಿರುಗಿಸಿದಳು. ‘ಅದು ಕೊಟ್ಟಿಲ್ಲ ತಾತ’ ಅಂದಳು.

ನಿಜ ಹೇಳಬೇಕೆಂದರೆ ನಾನೂ ಸರಿಯಾಗಿ ಹೇಳಲಾರದೆ ಹೋದೆ. ಅದಕ್ಕೇ ಕೂತು ಓದಲು ಶುರು ಮಾಡಿದ್ದು. ಓದುತ್ತಾ ಓದುತ್ತಾ ನಾರಾಯಣ್ ಭಾಷಣ ಸಿಕ್ಕಿತು. ಭಾಷಣದ ಹಿಂದೆ ಹೋದರೆ ವರದಿ, ವರದಿಯ ಹಿಂದೆ ಹೋದರೆ ಸುತ್ತೋಲೆ. ಸುತ್ತೋಲೆಗಳ ಹಿಂದೆ ಹೋದರೆ ಮಾತ್ರ ಏನೂ ಇಲ್ಲ, ಖಾಲಿ. ಅದಕ್ಕೇ ಈ ಪತ್ರ.

ಯಶಪಾಲ್ ಸಮಿತಿ ಒಂದು ಸೀದಾ ದಾರಿ ಹೇಳಿತ್ತು. ಪಠ್ಯಪುಸ್ತಕವನ್ನು ಸ್ಕೂಲಿನ ಆಸ್ತಿ ಅಂತ ಇಟ್ಟುಕೊಳ್ಳಿ. ಮಗು ಅದನ್ನು ಕೊಳ್ಳುವುದೂ ಬೇಡ, ದಿನಾ ಮನೆಗೆ ಹೊರುವುದೂ ಬೇಡ. ಯಾವ ದಿನ ಯಾವ ಪುಸ್ತಕ, ಯಾವ ದಿನ ಯಾವ ಹೋಂವರ್ಕ್ ಅಂತ ಸ್ಕೂಲೇ ಟೈಮ್‌ಟೇಬಲ್ ಮಾಡಲಿ. ಇದಕ್ಕೆ ರಾಕೆಟ್ ವಿಜ್ಞಾನ ಬೇಕಾ? ಕ್ಲಾಸಿಗೊಂದು ಕಪಾಟು ಸಾಕು. 1993ರಲ್ಲಿ ಹೇಳಿದ್ದು. ನನ್ನ ಮಗ ಆಗಿನ್ನೂ ಒಂದನೇ ಕ್ಲಾಸಿನಲ್ಲಿದ್ದ. ಈಗ ಅವನ ಮಗಳು ಆರನೇ ಕ್ಲಾಸು. ಕಪಾಟು ಇನ್ನೂ ಬಂದಿಲ್ಲ.

ನಡುವೆ ಏನೂ ಆಗಲಿಲ್ಲ ಅಂತ ಹೇಳಿದರೆ ತಪ್ಪಾಗುತ್ತದೆ. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಆ ವರದಿಯ ಬುನಾದಿಯ ಮೇಲೇ ನಿಂತಿತು. ಅದಕ್ಕೂ ಯಶಪಾಲರೇ ಮುಂದಾಳು. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ಮಕ್ಕಳಿಗೆ ಹೊಡೆಯುವುದನ್ನು ನಿಷೇಧಿಸಿತು. ನಾರಾಯಣ್ ಹೇಳಿದ ಮರದ ಸ್ಕೇಲು ಕಾನೂನಿನ ಪ್ರಕಾರವಾದರೂ ಕೆಳಗಿಳಿಯಿತು. ಅದೇ ಕಾಯ್ದೆಯ 13ನೇ ಕಲಂ ಅಡ್ಮಿಷನ್‌ಗೆ ಮಗುವನ್ನೂ ಅಪ್ಪ ಅಮ್ಮನನ್ನೂ ಸಂದರ್ಶನ ಮಾಡುವುದನ್ನು ನಿಲ್ಲಿಸಿತು. ಟೈ ಮಾತ್ರ ಇನ್ನೂ ಇದೆ. ಏಪ್ರಿಲ್ ಬಿಸಿಲಿನಲ್ಲೂ ಇದೆ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಅಂತಾರಲ್ಲ, ಕುಡಿಯುವ ನೀರಿಗೆ ಬಾಟಲಿ ಹೊತ್ತು ತನ್ನಿ ಅನ್ನುವ ಸ್ಕೂಲೂ ಕೊರಳಿಗೆ ಟೈ ಇಲ್ಲದಿದ್ದರೆ ಗೇಟಿನಲ್ಲಿ ನಿಲ್ಲಿಸುತ್ತದೆ.

ಬ್ಯಾಗಿನ ಕಥೆ ಕೇಳಿ. 2006ರಲ್ಲಿ ಮಕ್ಕಳ ಬ್ಯಾಗಿನ ತೂಕಕ್ಕೆ ಮಿತಿ ಹಾಕುವ ಮಸೂದೆಯೊಂದು ರಾಜ್ಯಸಭೆಗೇ ಬಂದಿತ್ತು. ಅದು ಕಾಯ್ದೆಯಾಗಲಿಲ್ಲ. ತಮಾಷೆ ಏನೆಂದರೆ, ‘2006ರ ಸ್ಕೂಲ್ ಬ್ಯಾಗ್ ಕಾಯ್ದೆ ಪ್ರಕಾರ’ ಅಂತ ಪತ್ರಿಕೆಗಳಲ್ಲಿ ಈಗಲೂ ಬರುತ್ತಿರುತ್ತದೆ. ಅಂಥ ಕಾಯ್ದೆಯೇ ಇಲ್ಲ. ಹುಟ್ಟದ ಮಗುವಿಗೆ ನಾವು ಹೆಸರಿಟ್ಟು ಕರೆಯುತ್ತಿದ್ದೇವೆ.

ಆಮೇಲೆ 2018ರಲ್ಲಿ ಮದ್ರಾಸ್ ಹೈಕೋರ್ಟು ಹೋಂವರ್ಕ್ ಮತ್ತು ಬ್ಯಾಗಿನ ವಿಚಾರದಲ್ಲಿ ಸರ್ಕಾರಕ್ಕೆ ಚುರುಕು ಮುಟ್ಟಿಸಿತು. ಆ ವರ್ಷ ನವೆಂಬರ್‌ನಲ್ಲಿ ಕೇಂದ್ರದಿಂದ ಸುತ್ತೋಲೆ ಬಂತು. 2020ರಲ್ಲಿ ಸ್ಕೂಲ್ ಬ್ಯಾಗ್ ನೀತಿ ಅಂತಲೇ ಒಂದು ದಾಖಲೆ ಬಂತು. ಒಳ್ಳೆಯ ದಾಖಲೆ, ಓದಿ. ಯಾವ ಕ್ಲಾಸಿಗೆ ಎಷ್ಟು ತೂಕ ಅಂತ ಇದೆ. ಸ್ಕೂಲಿನಲ್ಲಿ ತೂಗುವ ಯಂತ್ರ ಇರಬೇಕು ಅಂತ ಇದೆ. ಆರನೇ ಕ್ಲಾಸಿಗೆ 2ರಿಂದ 3 ಕಿಲೋ.

ನಮ್ಮ ರಾಜ್ಯ ಅದಕ್ಕೂ ಒಂದು ವರ್ಷ ಮೊದಲೇ, 2019ರಲ್ಲಿ ಆದೇಶ ಮಾಡಿತ್ತು. ಒಂದು ಎರಡನೇ ಕ್ಲಾಸಿಗೆ ಒಂದೂವರೆಯಿಂದ 2 ಕಿಲೋ, ಮೂರರಿಂದ ಐದಕ್ಕೆ 2ರಿಂದ 3, ಆರರಿಂದ ಎಂಟಕ್ಕೆ 3ರಿಂದ 4, ಒಂಬತ್ತು ಹತ್ತಕ್ಕೆ 4ರಿಂದ 5. ತಿಂಗಳ ಮೂರನೇ ಶನಿವಾರ ಬ್ಯಾಗೇ ಇಲ್ಲದ ದಿನ. 2023ರ ಜೂನ್‌ನಲ್ಲಿ ಅದನ್ನೇ ಇನ್ನೊಂದು ಸಲ ಹೊರಡಿಸಿದರು. ಆ ಶನಿವಾರಕ್ಕೆ ‘ಸಂಭ್ರಮ ಶನಿವಾರ’ ಅನ್ನುವ ಚೆಂದದ ಹೆಸರೂ ಇದೆ. ಒಂದು ಆದೇಶವನ್ನು ನಾಲ್ಕೇ ವರ್ಷದಲ್ಲಿ ಮತ್ತೆ ಹೊರಡಿಸಬೇಕಾಯಿತು ಅಂದರೆ ಮೊದಲನೆಯದರ ಗತಿ ಏನಾಗಿತ್ತು ಅಂತ ನೀವೇ ಊಹಿಸಿ. ಇಲಾಖೆಯಲ್ಲಿ ಕೆಲಸ ಮಾಡಿದವನು ನಾನು, ‘ಪುನಃ ಸೂಚಿಸಲಾಗಿದೆ’ ಅನ್ನುವ ಪದದ ಅರ್ಥ ನನಗೆ ಗೊತ್ತು.

ಈಗ ಲೆಕ್ಕ ನೋಡಿ. ಆರನೇ ಕ್ಲಾಸಿನ ಮಗುವಿಗೆ ಕೇಂದ್ರದ ಪ್ರಕಾರ ಹೆಚ್ಚೆಂದರೆ 3 ಕಿಲೋ. ರಾಜ್ಯದ ಪ್ರಕಾರ ಹೆಚ್ಚೆಂದರೆ 4 ಕಿಲೋ. ಒಂದೇ ಮಗು, ಎರಡು ತೂಕ. ಅಂಚೆಯಲ್ಲಿ ಹೀಗಾಗಿದ್ದರೆ ಕೌಂಟರಿನಲ್ಲೇ ಜಗಳ ಆಗುತ್ತಿತ್ತು. ಇಲ್ಲಿ ಜಗಳವೇ ಇಲ್ಲ, ಯಾಕೆಂದರೆ ತೂಗುವವರೇ ಇಲ್ಲ. ಮೊಮ್ಮಗಳ ಸ್ಕೂಲಿಗೆ ಹೋಗಿ ಕೇಳಿದೆ. ಸ್ಕೂಲಿನ ಹೆಸರು ಬೇಡ, ಅವರೇನೂ ಕೆಟ್ಟವರಲ್ಲ, ನಮ್ಮ ಕಡೆಯ ಎಷ್ಟೋ ಸ್ಕೂಲುಗಳ ಹಾಗೇ ಅದೂ ಒಂದು. ‘ಸುತ್ತೋಲೆ ಬಂದಿದೆ ಸರ್, ಫೈಲಲ್ಲಿ ಇದೆ’ ಅಂದರು. ‘ಪೀರಿಯಡ್ ಯಾವಾಗ ಬದಲಾಗುತ್ತೋ ಹೇಳೋಕಾಗಲ್ಲ, ಅದಕ್ಕೆ ಎಲ್ಲ ಪುಸ್ತಕ ತನ್ನಿ ಅಂತೀವಿ’ ಅಂದರು. ನನಗೆ ನಾರಾಯಣ್ ನೆನಪಾದರು. ಅದೇ ಆಜ್ಞೆ, ಅದೇ ಮಾತು. ಡಬ್ಬಿ, ಬಾಟಲಿ ಬಿಟ್ಟು ತೂಗಿದರೆ ಇವಳ ಬ್ಯಾಗು 5 ಕಿಲೋ 950. ಅವರು ಹೇಳಿದ್ದು ಆರರಿಂದ ಎಂಟು. ಇಷ್ಟು ವರ್ಷದಲ್ಲಿ ನಾವು ಇಳಿಸಿರುವುದು ಐವತ್ತು ಗ್ರಾಂ.

ಸರ್ಕಾರಿ ಸ್ಕೂಲುಗಳಲ್ಲಿ ಈ ಗೋಳು ಕಮ್ಮಿ ಅಂತ ಒಪ್ಪುತ್ತೇನೆ. ಅಲ್ಲಿ ವರ್ಕ್‌ಬುಕ್ ಹಾವಳಿ ಅಷ್ಟಿಲ್ಲ. ಕೆಲವು ಪಠ್ಯಪುಸ್ತಕಗಳನ್ನು ಭಾಗ-1, ಭಾಗ-2 ಅಂತ ಒಡೆದು ಅಚ್ಚು ಹಾಕಿದ್ದರಿಂದಲೂ ಒಂದಿಷ್ಟು ಹಗುರವಾಗಿದೆ. ಅದು ನಿಜಕ್ಕೂ ಒಳ್ಳೆಯ ಕೆಲಸ. ಫೀಸು ಕಟ್ಟಿ ಓದಿಸುವ ಕಡೆಯೇ ಹೊರೆ ಜಾಸ್ತಿ. ದುಡ್ಡು ಕೊಟ್ಟು ಕತ್ತೆ ಚಾಕರಿ ಕೊಂಡ ಹಾಗಾಗಿದೆ. ಅಪ್ಪ ಅಮ್ಮಂದಿರ ತಪ್ಪೂ ಇದೆ. ಹೋಂವರ್ಕ್ ಕೊಡದ ಸ್ಕೂಲು ದಂಡ ಅಂತ ನನ್ನ ಸೊಸೆಯೇ ಹೇಳುತ್ತಾಳೆ. (ಅವಳೂ ಇದನ್ನು ಓದುತ್ತಾಳೆ, ಪರವಾಗಿಲ್ಲ.)

ನೀವೇನು ಮಾಡಬಹುದು ಅನ್ನುವುದಕ್ಕೆ ಬರುತ್ತೇನೆ.

ಶಿಕ್ಷಣ ರಾಜ್ಯದ ವಿಷಯ, ನಮ್ಮ ಕೈಯಲ್ಲಿಲ್ಲ ಅಂತ ಹೇಳಬೇಡಿ. 1976ರ 42ನೇ ತಿದ್ದುಪಡಿಯಿಂದ ಅದು ಸಮವರ್ತಿ ಪಟ್ಟಿಯಲ್ಲಿದೆ. ಸಂಸತ್ತೂ ಕಾಯ್ದೆ ಮಾಡಬಹುದು, ವಿಧಾನಸಭೆಯೂ ಮಾಡಬಹುದು. ಇಬ್ಬರಿಗೂ ಸೇರಿದ್ದು ಅಂದಾಗ ಆಗುವುದೇನು ಅಂತ ನಮಗೆ ಗೊತ್ತು. ಇಬ್ಬರೂ ಇನ್ನೊಬ್ಬರ ಕಡೆ ಬೆರಳು ತೋರಿಸುತ್ತಾರೆ. ಎತ್ತು ಏರಿಗೆ, ಕೋಣ ನೀರಿಗೆ. ಬಂಡಿ ಅಲ್ಲೇ.

ಶುಕ್ರವಾರ ಮಧ್ಯಾಹ್ನ ಎರಡೂವರೆ ಗಂಟೆಯ ಮೇಲೆ ನಿಮಗೊಂದು ಹೊತ್ತು ಇದೆ. ಮಂತ್ರಿಗಳಲ್ಲದ ಸದಸ್ಯರು ತಮ್ಮದೇ ಮಸೂದೆ, ನಿರ್ಣಯ ತರುವ ಹೊತ್ತು. ಖಾಸಗಿ ಮಸೂದೆ ಅಂತಾರೆ. ಆ ಹೊತ್ತಿಗೆ ಎಷ್ಟೋ ಜನ ಸದಸ್ಯರು ಊರಿನ ವಿಮಾನ ಹಿಡಿದಿರುತ್ತಾರೆ ಅಂತ ಹೇಳುತ್ತಾರೆ. ಅದು ನಿಮಗೇ ಗೊತ್ತು. ಖಾಸಗಿ ಮಸೂದೆ ತಂದು ಏನು ಪ್ರಯೋಜನ ಅಂತ ನೀವು ಕೇಳಿದರೆ ನನ್ನ ಬಳಿ ಲೆಕ್ಕ ಇದೆ, ಮುಚ್ಚಿಡುವುದಿಲ್ಲ. ಸಂಸತ್ತಿನ ಇತಿಹಾಸದಲ್ಲಿ ಇಲ್ಲಿಯವರೆಗೆ ಹದಿನಾಲ್ಕೇ ಖಾಸಗಿ ಮಸೂದೆಗಳು ಕಾಯ್ದೆಯಾಗಿವೆ. ಕೊನೆಯದು 1970ರಲ್ಲಿ. ಆಗ ನಾನು ಚಡ್ಡಿ ಹಾಕಿಕೊಂಡು ಪಾಟಿಚೀಲ ಹಿಡಿದು ಸ್ಕೂಲಿಗೆ ಹೋಗುತ್ತಿದ್ದೆ. ಒಂದು ಸ್ಲೇಟು, ಎರಡು ಬಳಪ, ಒಂದು ಪುಸ್ತಕ. ಅದರ ತೂಕ ನೆನಪಿಲ್ಲ, ತೂಗುವಂಥ ತೂಕವೇ ಇರಲಿಲ್ಲ.

ಆದರೂ ತನ್ನಿ ಅನ್ನುತ್ತೇನೆ. ತಮಿಳುನಾಡಿನ ತಿರುಚ್ಚಿ ಶಿವ ಅವರ ಕಥೆ ನಿಮಗೆ ಗೊತ್ತಿರುತ್ತದೆ. ಲಿಂಗತ್ವ ಅಲ್ಪಸಂಖ್ಯಾತರ ಹಕ್ಕುಗಳಿಗಾಗಿ ಅವರು ಒಂದು ಖಾಸಗಿ ಮಸೂದೆ ತಂದರು. ಹಿಂದಕ್ಕೆ ತಗೊಳ್ಳಿ, ಸರ್ಕಾರವೇ ತರುತ್ತದೆ ಅಂತ ಮಂತ್ರಿಗಳು ಕೇಳಿಕೊಂಡರು. ಅವರು ಜಗ್ಗಲಿಲ್ಲ. 2015ರ ಏಪ್ರಿಲ್ 24ರಂದು, ಒಂದು ಶುಕ್ರವಾರ, ರಾಜ್ಯಸಭೆ ಅದನ್ನು ಧ್ವನಿಮತದಿಂದ ಒಪ್ಪಿಕೊಂಡಿತು. ದಶಕಗಳಿಂದ ಹಾಗೆ ಆಗಿರಲಿಲ್ಲ. ಲೋಕಸಭೆ ದಾಟಲಿಲ್ಲ, ಸರಿ. ಆದರೆ ಅದಾದ ಮೇಲೆ ಸರ್ಕಾರ ಸುಮ್ನೆ ಕೂರುವ ಹಾಗಿರಲಿಲ್ಲ. 2016ರಲ್ಲಿ ತನ್ನದೇ ಮಸೂದೆ ತಂದಿತು, ಅದು ಬಿದ್ದುಹೋದ ಮೇಲೆ 2019ರಲ್ಲಿ ಮತ್ತೆ ತಂದ ಮಸೂದೆ ಕಾಯ್ದೆಯಾಯಿತು. ಶಿವ ಅವರ ಮಸೂದೆಯಲ್ಲಿದ್ದ ಎಷ್ಟೋ ಅಂಶ ಅದರಲ್ಲಿ ಇಲ್ಲ ಅಂತ ಆ ಸಮುದಾಯದವರೇ ಬೀದಿಗಿಳಿದರು. ಅದೂ ನಿಜ. ಒಬ್ಬ ಸದಸ್ಯ ಹಟ ಹಿಡಿದರೆ ಎಷ್ಟು ಆಗುತ್ತದೆ, ಎಷ್ಟು ಆಗುವುದಿಲ್ಲ, ಎರಡೂ ಆ ಕಥೆಯಲ್ಲಿದೆ.

ನಮ್ಮ ಕಡೆಯ ಉದಾಹರಣೆಯೂ ಇದೆ. ಸುಧಾ ಮೂರ್ತಿಯವರು 2024ರಲ್ಲಿ ನಾಮನಿರ್ದೇಶನಗೊಂಡು, ಆ ಜುಲೈನಲ್ಲಿ ತಮ್ಮ ಮೊದಲ ಭಾಷಣ ಮಾಡಿದರು. 9ರಿಂದ 14 ವರ್ಷದ ಹೆಣ್ಣುಮಕ್ಕಳಿಗೆ ಗರ್ಭಕಂಠದ ಕ್ಯಾನ್ಸರ್ ತಡೆಯುವ ಲಸಿಕೆ ಹಾಕಿಸಿ ಅಂದರು. ಬಿಡಿಸಿ ಹೇಳಿದರು. ಅವರ ಎಲ್ಲ ಮಾತನ್ನೂ ನಾನು ಒಪ್ಪುವವನಲ್ಲ, ಆದರೆ ಆ ಮಾತು ಚೆನ್ನಾಗಿತ್ತು. ನಮ್ಮ ಮನೆಯಲ್ಲೂ ಆ ಲಸಿಕೆಯ ಬಗ್ಗೆ ಮೊದಲ ಸಲ ಮಾತು ಬಂದಿದ್ದು ಅವತ್ತೇ.

ಕರ್ನಾಟಕದ ಆ ಹನ್ನೆರಡು ಸೀಟುಗಳು ಸಣ್ಣವಲ್ಲ. ದೇವೇಗೌಡರು ಪ್ರಧಾನಿಯಾದ ಮೇಲೆ ಸಂಸತ್ತಿಗೆ ಬಂದಿದ್ದು ರಾಜ್ಯಸಭೆಯ ಸದಸ್ಯರಾಗಿಯೇ. ರೆಹಮಾನ್ ಖಾನ್ ಅವರು ಎಂಟು ವರ್ಷ ಉಪಸಭಾಪತಿಯಾಗಿದ್ದರು. ಬೇರೆ ರಾಜ್ಯದವರೂ ನಮ್ಮಲ್ಲಿಂದ ಆರಿಸಿ ಹೋಗಿ ದೊಡ್ಡ ದೊಡ್ಡ ಖಾತೆ ನೋಡಿಕೊಂಡಿದ್ದಾರೆ. 2003ರಲ್ಲಿ ಕಾಯ್ದೆ ಬದಲಾದ ಮೇಲೆ ಆ ರಾಜ್ಯದ ಮತದಾರರೇ ಆಗಿರಬೇಕೆಂದಿಲ್ಲ. ಅದಕ್ಕೆ ನನ್ನ ತಕರಾರು ಇದೆ, ಆದರೆ ಅದು ಇನ್ನೊಂದು ಪತ್ರಕ್ಕೆ. ಹನ್ನೆರಡರಲ್ಲಿ ಯಾವ ಊರಿನವರು ಎದ್ದು ನಿಂತರೂ ನನಗೆ ಸಂತೋಷವೇ. ಬೆನ್ನು ನೋವಿಗೆ ಪಕ್ಷವೂ ಇಲ್ಲ, ರಾಜ್ಯವೂ ಇಲ್ಲ.

ಆಗುವುದಾದರೆ ಕನ್ನಡದಲ್ಲೇ ಮಾತಾಡಿ. 1967ರಲ್ಲಿ ಜೆ.ಎಚ್. ಪಟೇಲರು ಲೋಕಸಭೆಯಲ್ಲಿ ಕನ್ನಡದಲ್ಲಿ ಮಾತಾಡಿದಾಗ ಅದು ಸುದ್ದಿಯಾಗಿತ್ತು. ಈಗ ಅಷ್ಟು ಕಷ್ಟ ಇಲ್ಲ. 2018ರಿಂದ ರಾಜ್ಯಸಭೆಯಲ್ಲಿ ಸಂವಿಧಾನದ ಎಂಟನೇ ಅನುಸೂಚಿಯ 22 ಭಾಷೆಗಳಿಗೂ ಅನುವಾದದ ವ್ಯವಸ್ಥೆ ಇದೆ. ಮೊದಲೇ ತಿಳಿಸಿದರೆ ಸಾಕು. ನಾರಾಯಣ್ ಇಂಗ್ಲಿಷಿನಲ್ಲಿ ಹೇಳಿದ್ದು ಮಕ್ಕಳಿಗೆ ಕೇಳಿಸಲಿಲ್ಲ. ನೀವು ಕನ್ನಡದಲ್ಲಿ ಹೇಳಿದರೆ ಮೊಮ್ಮಗಳಿಗೆ ಫೋನಿನಲ್ಲಿ ತೋರಿಸುತ್ತೇನೆ. ರಾಜ್ಯಸಭೆಯಲ್ಲಿ ಏನು ಮಾಡುತ್ತಾರೆ ಅನ್ನುವ ಪ್ರಶ್ನೆಗೆ ನೋಟ್ಸಿನಲ್ಲಿ ಇಲ್ಲದ ಉತ್ತರ ಅವಳಿಗೆ ಸಿಗುತ್ತದೆ.

ಮಸೂದೆಯಲ್ಲಿ ಏನಿರಬೇಕು ಅಂತ ಹೇಳುವಷ್ಟು ಕಾನೂನು ನನಗೆ ಗೊತ್ತಿಲ್ಲ. ತೂಕ ಗೊತ್ತು, ಅಷ್ಟನ್ನೇ ಹೇಳುತ್ತೇನೆ. ಎರಡು ತೂಕ ಬೇಡ, ಒಂದೇ ಇರಲಿ, ಕಮ್ಮಿ ಇರುವುದೇ ಇರಲಿ. ಪಠ್ಯಪುಸ್ತಕ ಸ್ಕೂಲಿನ ಕಪಾಟಿನಲ್ಲೇ ಇರಲಿ, ಯಶಪಾಲರು ಹೇಳಿದ ಹಾಗೆ. ಸ್ಕೂಲಿನಲ್ಲಿ ಕುಡಿಯುವ ನೀರು ಇದ್ದರೆ ಬಾಟಲಿಯ 800 ಗ್ರಾಂ ಅವತ್ತೇ ಇಳಿಯುತ್ತದೆ. ತಿಂಗಳಿಗೊಮ್ಮೆ, ಮೊದಲೇ ಹೇಳದೆ, ಗೇಟಿನಲ್ಲಿ ಹತ್ತು ಬ್ಯಾಗು ತೂಗಲಿ. ತೂಗಿದ್ದನ್ನು ನೋಟಿಸ್ ಬೋರ್ಡಿನಲ್ಲಿ ಬರೆಯಲಿ. ಅಂಚೆ ಕಚೇರಿಯಲ್ಲಿ ತಕ್ಕಡಿಯ ಮುಖ ಗಿರಾಕಿಯ ಕಡೆಗೂ ಇರುತ್ತದಲ್ಲ, ಹಾಗೆ. ತೂಕ ಮೀರಿದರೆ ಯಾರು ಜವಾಬು ಕೊಡಬೇಕು ಅಂತ ಒಂದು ಸಾಲು ಇರಲಿ. ಈಗಿನ ಸುತ್ತೋಲೆಗಳಲ್ಲಿ ಬೇಕಾದ್ದೆಲ್ಲ ಇದೆ, ನನ್ನ ಕಣ್ಣಿಗೆ ಕಾಣದೇ ಹೋದದ್ದು ಆ ಸಾಲು.

ಮಸೂದೆ ಬರೆಯಲು ಹೊತ್ತು ಬೇಕು, ಗೊತ್ತು. ಅಲ್ಲಿಯವರೆಗೆ, ಸದಸ್ಯರು ತುರ್ತು ವಿಷಯ ಎತ್ತುವ ಶೂನ್ಯ ವೇಳೆಯಲ್ಲಿ ಮೂರು ನಿಮಿಷ ಸಿಗುತ್ತದೆ. ಮೂರೇ ನಿಮಿಷ ಸಾಕು. 2020ರ ನೀತಿಯಂತೆ ಎಷ್ಟು ಸ್ಕೂಲುಗಳಲ್ಲಿ ತೂಗುವ ಯಂತ್ರ ಇದೆ, ಕಳೆದ ವರ್ಷ ಎಷ್ಟು ಬ್ಯಾಗು ತೂಗಿದಿರಿ ಅಂತ ಕೇಳಿ. ಮಂತ್ರಿಗಳು ಉತ್ತರ ಕೊಡಲಿ ಬಿಡಲಿ, ನಿಮ್ಮ ಮಾತು ಅಚ್ಚಾಗಿ ಉಳಿಯುತ್ತದೆ. ನಾರಾಯಣ್ ಭಾಷಣ ಉಳಿದಿದ್ದೂ ಹಾಗೇ ಅಲ್ವಾ?

ನಾನು ಜೂನ್‌ನಿಂದ ದಿನಾ ಬೆಳಿಗ್ಗೆ ಬ್ಯಾಗು ತೂಗಿ ಒಂದು ಹಳೇ ಅಂಚೆ ರಿಜಿಸ್ಟರಿನಲ್ಲಿ ಬರೆದಿಡುತ್ತಿದ್ದೇನೆ. ದಿನಾಂಕ, ವಾರ, ತೂಕ. ಸೋಮವಾರ ಎಲ್ಲಕ್ಕಿಂತ ಜಾಸ್ತಿ, ಬುಧವಾರ ಪಿ.ಟಿ. ಇರುವುದರಿಂದ ಸ್ವಲ್ಪ ಕಮ್ಮಿ. ಮೂರನೇ ಶನಿವಾರಗಳ ಮುಂದೆಯೂ ತೂಕ ಬರೆದಿದೆ. ಒಂದು ಸಲ 5 ಕಿಲೋ 400, ಇನ್ನೊಂದು ಸಲ 6 ಕಿಲೋ 100. ನಿಮ್ಮಲ್ಲಿ ಯಾರಿಗೆ ಬೇಕಾದರೂ ಅದರ ಪ್ರತಿ ಕಳಿಸುತ್ತೇನೆ. ಸ್ಪೀಡ್ ಪೋಸ್ಟಿನಲ್ಲಿ, ನನ್ನ ಖರ್ಚಿನಲ್ಲಿ.

ಇಂತಿ,
ಆರನೇ ಕ್ಲಾಸಿನ ಹುಡುಗಿಯೊಬ್ಬಳ ತಾತ
ಮೈಸೂರು